ನಡಾವಳಿಯಲ್ಲಿ ಇಲ್ಲದ ಮಾತು

ಆ ಹುಡುಗಿಯ ಮಾತನ್ನು ತಿದ್ದಿ ಬರೆದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಸಾಹೇಬರ ಮೇಲೆ, ಕಚೇರಿಯ ಮೇಲೆ, ನಮ್ಮ ಬಡಾವಣೆಯ ದೊಡ್ಡ ಮನುಷ್ಯರ ಮೇಲೆ ನಾನು ಸಿಟ್ಟಾಗುವಾಗ, ಇವಳೇನು ಭಾರೀ ಸಾಚಾ ಎಂದು ಯಾರಿಗಾದರೂ ಅನ್ನಿಸಬಹುದು. ನಾನು ಸಾಚಾ ಅಲ್ಲ.

ನಮ್ಮ ಊರು ಬಾಗಲಕೋಟೆ ಜಿಲ್ಲೆಯದು. ಹುನಗುಂದದಿಂದಲೂ ಇಳಕಲ್ಲಿನಿಂದಲೂ ಬಸ್ಸಿನಲ್ಲಿ ಬಹಳ ದೂರವೇನಿಲ್ಲ. ಹೆಸರು ಬರೆಯುವುದಿಲ್ಲ. ಬರೆದರೆ ಆ ಕಚೇರಿಯಲ್ಲಿ ಇಂದಿಗೂ ಕೂತಿರುವ ಬಡ ಗುಮಾಸ್ತರು ಉತ್ತರ ಕೊಡಬೇಕಾಗುತ್ತದೆ. ನಿಜವಾಗಿ ಉತ್ತರ ಕೊಡಬೇಕಾದವರು ಬಡ್ತಿ ಪಡೆದು ಬೇರೆ ಕಡೆ ಹೋಗಿದ್ದಾರೆ. ನಾನು ಹುಟ್ಟಿದ್ದು ಚೊಳಚಗುಡ್ಡದಲ್ಲಿ. ಮದುವೆಯಾಗಿ ಈ ಊರಿಗೆ ಬಂದೆ, ಇಲ್ಲಿನ ಆಡಳಿತ ಕಚೇರಿಯಲ್ಲಿ ಗುಮಾಸ್ತೆಯಾಗಿ ಸೇರಿದೆ, ಅಲ್ಲೇ ನಿವೃತ್ತಿಯಾದೆ. ನೌಕರಿಯ ಹೆಚ್ಚಿನ ಭಾಗ ನಾನು ಮಾಡಿದ ಕೆಲಸ ಒಂದೇ, ಸಭೆಗಳ ನಡಾವಳಿ ಬರೆಯುವುದು. ಯಾರು ಏನು ಹೇಳಿದರು, ಏನು ತೀರ್ಮಾನವಾಯಿತು ಎಂಬುದರ ದಾಖಲೆ.

ಸಭೆ ನಡೆಯುವಾಗ ಒಂದು ಉದ್ದನೆಯ ಕಚ್ಚಾ ಪುಸ್ತಕದಲ್ಲಿ ಪೆನ್ಸಿಲ್ಲಿನಿಂದ, ಜನ ಆಡಿದ ಹಾಗೆಯೇ ಗೀಚಿಕೊಳ್ಳುತ್ತಿದ್ದೆ. ಆಮೇಲೆ ಅದನ್ನು ಕಚೇರಿಯ ಭಾಷೆಗೆ ತಿರುಗಿಸುತ್ತಿದ್ದೆ. ಒಬ್ಬ ಸದಸ್ಯ ಟೇಬಲ್ ಗುದ್ದಿ, "ಗಟಾರ ತುಂಬಿ ಹೊಲಸ ನೀರು ಮನಿಯೊಳಗ ಬಂದೈತಿ, ನಿಮಗ ನಾಚಿಕಿ ಇಲ್ಲೇನು" ಎಂದರೆ, ನಾನು "ಸದಸ್ಯರು ಚರಂಡಿ ಸ್ವಚ್ಛತೆಯ ಕುರಿತು ಸಭೆಯ ಗಮನ ಸೆಳೆದರು" ಎಂದು ಬರೆಯುತ್ತಿದ್ದೆ. ಇದರಲ್ಲಿ ನನಗೆ ಒಳ್ಳೆಯ ಹೆಸರಿತ್ತು. ನಮ್ಮ ಕಡೆ ಹೆಂಗಸರನ್ನು ಗೌರವದಿಂದ ಕರೆಯುವ ಹಾಗೆ ಕಚೇರಿಯಲ್ಲಿ ನಾನು ಎಲ್ಲರಿಗೂ ಬಾಯಾರು. ಬಾಯಾರ ಕೈಗೆ ಕೊಟ್ಟರೆ ಎಂಥ ಜಗಳವೂ ತಣ್ಣಗಾಗುತ್ತದೆ ಎನ್ನುತ್ತಿದ್ದರು. ಆ ಹೊಗಳಿಕೆಯಿಂದ ನಾನು ಉಬ್ಬುತ್ತಿದ್ದೆ. ಈಗ ನೆನೆದರೆ ಮೈ ಉರಿಯುತ್ತದೆ.

ಒಂದು ವರ್ಷ ಮೇಲಿನಿಂದ ಪತ್ರ ಬಂತು. ಊರಿನ ಹವಾಮಾನ ಕ್ರಿಯಾ ಯೋಜನೆ ತಯಾರಿಸುವಾಗ ಯುವಕರ ಸಲಹೆ ಪಡೆಯಬೇಕು, ಅದಕ್ಕಾಗಿ ಐದು ಜನರ ಯುವ ಸಲಹಾ ಸಮಿತಿ ರಚಿಸಬೇಕು ಎಂದು ಅದರಲ್ಲಿತ್ತು. ಕಚೇರಿಯ ಮುಖ್ಯಾಧಿಕಾರಿ ಸಾಹೇಬರು ಅದನ್ನು ಎರಡು ಸಲ ಓದಿ, "ಹುಡುಗೂರನ್ನ ಕೂಡಸ್ರಿ, ಫೋಟೊ ತಗೀರಿ, ಕಳಸ್ರಿ" ಎಂದರು. ಅವರು ಕೆಟ್ಟ ಮನುಷ್ಯರೇನಲ್ಲ. ಕೆಳಗಿನವರನ್ನು ಬೈಯುತ್ತಿರಲಿಲ್ಲ. ಯಾರೂ ತಮ್ಮ ಮೇಲೆ ಮುನಿಸಿಕೊಳ್ಳಬಾರದು ಎಂಬುದೊಂದೇ ಅವರ ಆಸೆ. ಅಂಥವರ ಕೈಯಲ್ಲೇ ಹೆಚ್ಚು ಅನ್ಯಾಯವಾಗುತ್ತದೆ ಎಂಬುದು ನನಗೆ ತಡವಾಗಿ ತಿಳಿಯಿತು.

ಐವರಲ್ಲಿ ಮೂವರು ಊರಿನ ನಾಮಾಂಕಿತರ ಮನೆಯವರು. ನಾಲ್ಕನೆಯವನ ತಂದೆ ಕಲ್ಲಿನ ಕ್ವಾರಿಯಲ್ಲಿ ಲಾರಿ ಓಡಿಸುತ್ತಿದ್ದ. ಐದನೆಯವಳು ನೇಕಾರರ ಓಣಿಯ ಈ ಹುಡುಗಿ. ದಿನಾ ಮುಂಜಾನೆ ಬಸ್ಸು ಹಿಡಿದು ಬಾಗಲಕೋಟೆಯ ಕಾಲೇಜಿಗೆ ಹೋಗುತ್ತಿದ್ದಳು, ಪದವಿಯ ಕೊನೆಯ ವರ್ಷ. ಚರ್ಚಾ ಸ್ಪರ್ಧೆಯಲ್ಲಿ ಬಹುಮಾನ ಬಂದು ಪತ್ರಿಕೆಯಲ್ಲಿ ಫೋಟೊ ಬಂದಿದ್ದರಿಂದ ಅವಳ ಹೆಸರು ಸೇರಿತು. ಮನೆಯಲ್ಲಿ ತಂದೆ ಮತ್ತು ಚಿಗವ್ವ, ಅಂದರೆ ಚಿಕ್ಕಮ್ಮ, ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂರುವ ಕುಣಿಮಗ್ಗದಲ್ಲಿ ಸೀರೆ ನೇಯುತ್ತಿದ್ದರು. ಕಾಲೇಜಿನಿಂದ ಬಂದ ಮೇಲೆ ಇವಳು ಅವರಿಗೆ ಕಂಡಿಕೆಗೆ ನೂಲು ಸುತ್ತಿಕೊಡಲು ಕೂರುತ್ತಿದ್ದಳು.

ಮೊದಲು ಆ ಐವರನ್ನೂ ಬಾಗಲಕೋಟೆಯ ನವನಗರದಲ್ಲಿ ಒಂದು ದಿನದ ತರಬೇತಿಗೆ ಕರೆದುಕೊಂಡು ಹೋದರು. ದಾಖಲೆಗಾಗಿ ನನ್ನನ್ನೂ ಕಳಿಸಿದರು. ತಂಪು ಮಾಡಿದ ದೊಡ್ಡ ಕೋಣೆ, ಎಳೆದ ಪರದೆಗಳು, ಎಲ್ಲರಿಗೂ ಹಸಿರು ಟೋಪಿ. ಗೋಡೆಯ ಮೇಲೆ ಬಹಳ ಹೊತ್ತು ಹಿಮ ಕರಗುವುದನ್ನು ತೋರಿಸಿದರು. ಊಟದ ಹೊತ್ತಿಗೆ ಅವಳು ನನ್ನ ಪಕ್ಕದಲ್ಲಿ ತಟ್ಟೆ ಹಿಡಿದು ಕೂತು ಕೇಳಿದಳು.

"ಬಾಯಾರ, ನಮ್ಮ ಊರಿನ ಬಗ್ಗೆ ಯಾವಾಗ ಹೇಳ್ತಾರ್ರಿ?"

"ಅದನ್ನ ನೀವ ಹೇಳಬೇಕಲ್ಲವಾ," ಎಂದೆ ನಾನು. ತಮಾಷೆಗೆ ಅಂದದ್ದು. ಅವಳು ಅದನ್ನು ನಿಜವೆಂದೇ ತಿಳಿದಳು.

ಚಳಿಗಾಲ ಮುಗಿಯುತ್ತಿದ್ದಾಗ ಸಮಿತಿಯ ಸಭೆ ಸೇರಿತು. ದೊಡ್ಡವರ ಮನೆಯ ಮೂವರು ಗಿಡ ನೆಡುವುದರ ಬಗ್ಗೆ, ಪ್ಲಾಸ್ಟಿಕ್ ಬಗ್ಗೆ ಎರಡೆರಡು ಮಾತಾಡಿದರು. ಲಾರಿಯವನ ಮಗ ಬಾಯಿ ತೆರೆಯಲಿಲ್ಲ. ಆಮೇಲೆ ಆ ಹುಡುಗಿ ಎದ್ದು ನಿಂತಳು. ಕೈಯಲ್ಲಿ ಒಂದು ಬರೆಯುವ ಪುಸ್ತಕ. ರಜೆಯಲ್ಲಿ ಓಣಿ ಓಣಿ ತಿರುಗಿ, ನೀರು ಯಾವ ಹೊತ್ತಿಗೆ ಬರುತ್ತದೆ, ಯಾರು ನಿಂತು ತುಂಬುತ್ತಾರೆ ಎಂದು ಬರೆದುಕೊಂಡು ಬಂದಿದ್ದಳು. ಅವಳು ಆಡಿದ ಮಾತನ್ನು ಪೆನ್ಸಿಲ್ಲಿನಲ್ಲಿ ನಾನು ಹೀಗೆ ಗೀಚಿಕೊಂಡಿದ್ದೆ:

"ಹೊಸ ಬಡಾವಣಿಗೆ ನಳದ ನೀರು ಮುಂಜಾನಿ ಆರಕ್ಕ ಬರತೈತಿ. ನಮ್ಮ ಓಣಿಗೆ ಬಿಸಲ ಹೊತ್ತಿನ್ಯಾಗ, ಹನ್ನೆರಡರ ಮ್ಯಾಲ. ಬಡಾವಣ್ಯಾಗ ಎಲ್ಲಾರ ಮನಿಗೂ ನೆಲದಾಗ ಟಾಕಿ ಐತಿ. ಅವರು ಮನ್ಯಾಗ ಇಲ್ದಿದ್ರೂ ತುಂಬತೈತಿ. ಅವರಿಗೆ ಯಾವ ಹೊತ್ತಿಗೆ ಬಂದ್ರೂ ಅಷ್ಟ. ನಮಗ ಟಾಕಿ ಇಲ್ರಿ. ನಾವ ನಿಂತು ಕೊಡ ತುಂಬಬೇಕು. ಮಗ್ಗ ನಿಲ್ಲಿಸಿ ಹೆಣ್ಮಕ್ಕಳು ಪಾಳಿ ಹಚ್ಚತಾರ. ಬಿಸಲು ವರ್ಷಾ ಹೆಚ್ಚಾಗಾಕತ್ತೈತಿ ಅಂತ ತರಬೇತ್ಯಾಗ ನೀವ ಹೇಳೀರಿ. ಹಂಗಾರ ನಮಗ ಮುಂಜಾನಿ ಬಿಡ್ರಿ, ಅವರಿಗೆ ಮಧ್ಯಾಹ್ನ ಬಿಡ್ರಿ. ಪೈಪು ಬ್ಯಾಡ, ಮಶೀನು ಬ್ಯಾಡ. ವಾಲ್ವ್ ತಿರುವೂ ಹೊತ್ತು ಅದಲ ಬದಲ ಮಾಡಿದ್ರ ಸಾಕು."

ಸಾಹೇಬರು ಹೊಸ ಬಡಾವಣೆಯಲ್ಲೇ ಇದ್ದರು. ಸಭೆಗೆ ಬಂದು ಕೂತಿದ್ದ ಊರಿನ ಚುನಾಯಿತ ಸದಸ್ಯರಲ್ಲಿ ಹೆಚ್ಚಿನವರದೂ ಅಲ್ಲೇ ಮನೆ. ನನ್ನದೂ ಅಲ್ಲೇ. ದಿನ ಬಿಟ್ಟು ದಿನ ಮುಂಜಾನೆ ಆರಕ್ಕೆ ನನ್ನ ಮನೆಯ ನೆಲದಡಿ ನೀರು ಬೀಳುವ ಸದ್ದು ಹಾಸಿಗೆಯಲ್ಲೇ ಕೇಳುತ್ತಿತ್ತು. ಅದು ಯಾರ ಹೊತ್ತು ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

"ಭಾಳ ಚಲೋ ಹೇಳಿದಿ ತಂಗಿ," ಎಂದರು ಸಾಹೇಬರು, ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ಅವಳ ಮುಖ ಅರಳಿತು. ಒಂದು ಮಾತನ್ನು ಮುಗಿಸಿಹಾಕಲು ಚಪ್ಪಾಳೆಗಿಂತ ಒಳ್ಳೆಯ ಉಪಾಯ ಇಲ್ಲ ಎಂಬುದು ಅವಳಿಗೆ ಹೇಗೆ ಗೊತ್ತಿರಬೇಕು? ಚಹಾ ಬಂತು, ಫೋಟೊ ತೆಗೆದರು, ಸಭೆ ಮುಗಿಯಿತು.

ಸಂಜೆ ಸಾಹೇಬರು ನನ್ನನ್ನು ಕರೆದರು. "ಬಾಯಾರ, ಆ ನೀರಿನ ಮಾತು ಹ್ಯಾಂಗ ಬರೀತೀರಿ?"

"ಹೊತ್ತು ಬದಲಿಸುವ ಬಗ್ಗೆ ಪರಿಶೀಲಿಸಲು ಕೋರಿದರು ಅಂತ ಬರೀತೇನ್ರಿ."

"ಪರಿಶೀಲನೆ ಅಂದ್ರ ಮ್ಯಾಲಿನವರು ಏನು ಪರಿಶೀಲಿಸಿದ್ರಿ ಅಂತ ಕೇಳ್ತಾರ. ಬಡಾವಣಿ ಮಂದಿ ನನ್ನ ಮನಿಗೇ ಬರ್ತಾರ. ಜಾಗೃತಿ ಅಂತ ಬರೀರಿ. ಮಂದಿ ಬಿಸಿಲಾಗ ಹೊರಗ ಬರಬಾರದು, ನೀರು ಹಿತಮಿತ ಬಳಸಬೇಕು, ಹುಡುಗೂರು ಹಂಗಂದ್ರು ಅಂತ. ಅವರಿಗೂ ಹೆಸರು, ನಮಗೂ ತ್ರಾಸಿಲ್ಲ."

ಬರೆದೆ. ಕೈ ತಡೆಯಲಿಲ್ಲ. "ಬೇಸಿಗೆಯ ಮಧ್ಯಾಹ್ನದ ವೇಳೆ ಸಾರ್ವಜನಿಕರು ಹೊರಗೆ ಬಾರದಂತೆ ಹಾಗೂ ನೀರನ್ನು ಮಿತವಾಗಿ ಬಳಸುವಂತೆ ಜಾಗೃತಿ ಮೂಡಿಸಲು ಯುವ ಸದಸ್ಯರು ಸಲಹೆ ನೀಡಿದರು." ಒಂದೇ ವಾಕ್ಯ, ವ್ಯಾಕರಣದ ತಪ್ಪಿಲ್ಲ. ಕಚೇರಿಗೆ ಕೊಟ್ಟ ಸಲಹೆಯನ್ನು ತಿರುಗಿಸಿ ಅವಳ ಓಣಿಯ ಹೆಂಗಸರ ತಲೆಯ ಮೇಲೆ ಇಟ್ಟೆ. ಅದು ಎಷ್ಟು ಸಲೀಸಾಗಿ ಆಯಿತೆಂದರೆ, ಮನೆಗೆ ಹೋಗಿ ರೊಟ್ಟಿ ಬಡಿದು ಉಂಡು ಮಲಗಿದೆ.

ಆ ಬೇಸಿಗೆ ಕೆಟ್ಟದಾಗಿ ಬಂತು. ಬಾದಾಮಿ ಕಡೆಯಿಂದ ಬಸ್ಸಿನಲ್ಲಿ ಬರುವಾಗ ಕಿಟಕಿಯ ಕಂಬಿ ಹಿಡಿಯಲಾಗುತ್ತಿರಲಿಲ್ಲ. ಒಂದು ದಿನ ಮಧ್ಯಾಹ್ನ, ಹುಡುಗಿ ಪರೀಕ್ಷೆಗೆಂದು ಬಾಗಲಕೋಟೆಯಲ್ಲಿದ್ದಾಗ, ಅವಳ ಚಿಗವ್ವ ನಳದ ಪಾಳಿಯಲ್ಲಿ ನಿಂತವಳು ಕೊಡದ ಸಮೇತ ಬಿದ್ದಳು. ನೀರು ಬರುವುದು ತಡವಾಗಿತ್ತು. ಪಾಳಿ ಹೋದೀತೆಂದು ಆಕೆ ಜಾಗ ಬಿಟ್ಟಿರಲಿಲ್ಲ. ಮೈ ಕೆಂಡವಾಗಿತ್ತಂತೆ, ಬೆವರೇ ಇರಲಿಲ್ಲವಂತೆ. ಊರಿನ ದವಾಖಾನೆಗೆ, ಅಲ್ಲಿಂದ ಬಾಗಲಕೋಟೆಗೆ ಒಯ್ದರು. ಜೀವ ಉಳಿಯಿತು. ಕೈನಡುಕ ಮಾತ್ರ ನಿಲ್ಲಲಿಲ್ಲ. ನೇಯುವಾಗ ಕಡಿದ ಎಳೆಯನ್ನು ಬೆರಳ ತುದಿಯಲ್ಲಿ ಕೂಡಿಸಬೇಕು. ಆಕೆಗೆ ಅದು ಇನ್ನು ಆಗದ ಕೆಲಸವಾಯಿತು.

ನನಗೆ ಸುದ್ದಿ ಹೇಳಿದವನು ಊರಿಗೆ ನೀರು ಬಿಡುವ ಕೆಲಸದ ಹಿರಿಯ. ಮರುದಿನ ಕಚೇರಿಗೆ ಬಂದು ನನ್ನ ಟೇಬಲ್ಲಿನ ಮುಂದೆ ನಿಂತ. "ಬಾಯಾರ, ನನಗ ಒಂದು ಚೀಟಿ ಬರದು ಕೊಡ್ರಿ. ನಾಳಿಂದ ಓಣಿಗೆ ಮುಂಜಾನಿ ಬಿಡ್ತೇನಿ. ನನ್ನ ಕೈಯಾಗಿಂದು ಅದು, ಒಂದು ತಿರುವು ಅಷ್ಟ."

"ಚೀಟಿ ಸಾಹೇಬ್ರು ಕೊಡಬೇಕು," ಎಂದೆ.

"ಅವರನ್ನ ಕೇಳೇನಿ. ಬಾಯಾರನ್ನ ಕೇಳು ಅಂದ್ರು." ಚೀಟಿ ಇಲ್ಲದೆಯೇ ಅವನು ಹೋದ.

ಅದಕ್ಕಿಂತ ಕೆಟ್ಟದ್ದು ಆ ವಾರದ ಕೊನೆಗೆ ಆಯಿತು. ಪಾಳಿಯಲ್ಲಿ ಹೆಂಗಸು ಬಿದ್ದ ಸುದ್ದಿ ಪತ್ರಿಕೆಯಲ್ಲಿ ಬಂದು, ಮೇಲಿನಿಂದ ವಿವರಣೆ ಕೇಳಿದರು. ಸಾಹೇಬರು ಉತ್ತರ ಬರೆಸಿದರು. ಮಧ್ಯಾಹ್ನ ಹೊರಗೆ ಬಾರದಂತೆ ಸಾರ್ವಜನಿಕರಿಗೆ ಯುವ ಸಲಹಾ ಸಮಿತಿಯ ಮೂಲಕ ಮುಂಚಿತವಾಗಿಯೇ ತಿಳಿಸಲಾಗಿತ್ತು, ನಡಾವಳಿಯ ಪ್ರತಿ ಲಗತ್ತಿಸಿದೆ. ನಾನೇ ಪ್ರತಿ ತೆಗೆದು, ಪಿನ್ನು ಹೊಡೆದು ಲಗತ್ತಿಸಿದೆ. ನಾನು ಬರೆದ ವಾಕ್ಯ ಯಾವ ಕೆಲಸಕ್ಕೆ ಬಂತು ಎಂಬುದು ಆ ಕ್ಷಣದಲ್ಲಿ ನನ್ನ ಕಣ್ಣ ಮುಂದೆ ನಿಂತಿತು. ಬಿದ್ದವಳದೇ ತಪ್ಪು ಎಂಬುದಕ್ಕೆ ಅವಳ ಮನೆಯ ಹುಡುಗಿಯನ್ನೇ ಸಾಕ್ಷಿ ಮಾಡಿದ್ದೆ.

ಹುಡುಗಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ನಡಾವಳಿಯನ್ನು ತರಿಸಿಕೊಂಡಳು. ಒಂದು ದಿನ ಅದನ್ನು ಹಿಡಿದು ನೆಟ್ಟಗೆ ನನ್ನ ಬಳಿ ಬಂದಳು. ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಕೂಗಾಡಲಿಲ್ಲ. ಕಾಗದವನ್ನು ನನ್ನ ಮುಂದೆ ಹರಡಿ ಬೆರಳಿಟ್ಟಳು.

"ಬಾಯಾರ, ಇದರಾಗ ನಾ ಹೇಳಿದ್ದು ಎಲ್ಲೈತ್ರಿ?"

ನಾನು ಕಾಗದವನ್ನು ಅವಳತ್ತ ಸರಿಸಿದೆ.

"ನಾ ಮಂದಿಗೆ ಬುದ್ಧಿ ಹೇಳಿಲ್ರಿ. ನಿಮಗ ಹೇಳೇನಿ. ಚಿಗವ್ವ ಹೊರಗ ಬಂದದ್ದು ಆಕೀದ ತಪ್ಪು, ನಾ ಬ್ಯಾಡ ಅಂದ್ರೂ ಬಂದ್ಲು, ಅಂತ ಆತಲ್ರಿ ಇದು. ನೀವು ಬಾಜೂಕ ಕುಂತು ಬರಕೋತಿದ್ರಿ. ನಾ ನೋಡೇನಿ."

"ಕಚೇರಿ ಪದ್ಧತಿ ಹಂಗ ಇರತೈತವಾ," ಎಂದೆ. ಬಾಯಿಯಿಂದ ಆ ಮಾತು ಬಿದ್ದ ಕೂಡಲೇ ನನ್ನ ಮೇಲೆ ನನಗೇ ಅಸಹ್ಯವಾಯಿತು.

"ಹಂಗಾರ ನಮ್ಮನ್ನ ಯಾಕ ಕರದ್ರಿ?" ಎಂದಳು. "ನಮ್ಮ ಹೆಸರು ಬೇಕಿತ್ತೇನು, ಬರೀ ಹೆಸರು?"

ಅವಳು ಹೋದ ಮೇಲೆ ಬೀರು ತೆರೆದು ಕಚ್ಚಾ ಪುಸ್ತಕ ತೆಗೆದೆ. ಅವಳ ಮಾತು ಪೆನ್ಸಿಲ್ಲಿನಲ್ಲಿ ಹಾಗೇ ಇತ್ತು, ಒಂದಕ್ಷರ ಅಳಿಸಿರಲಿಲ್ಲ. ಅದನ್ನು ಓದುತ್ತ ಹೋದಂತೆ, ಇಷ್ಟು ವರ್ಷ ನಾನು ತಣ್ಣಗೆ ಮಾಡಿದ ಮಾತುಗಳೆಲ್ಲ ಒಂದೊಂದಾಗಿ ಎದ್ದು ಬಂದವು. ನನ್ನ ಸಿಟ್ಟು ಶುರುವಾದದ್ದು ಆವತ್ತು. ಇನ್ನೂ ಇಳಿದಿಲ್ಲ.

ಮುಂದಿನ ಸಭೆಯಲ್ಲಿ ಹುಡುಗಿ ಮೊದಲೇ ಎದ್ದು, ಹಿಂದಿನ ನಡಾವಳಿ ಸುಳ್ಳು, ತಿದ್ದಬೇಕು ಎಂದಳು. ಸಾಹೇಬರು ನಕ್ಕರು. "ತಂಗಿ, ಮಾತು ಹೆಚ್ಚುಕಡಿಮಿ ಆಗಿರಬಹುದು. ಯಾರಿಗೆ ನೆನಪಿರತೈತಿ? ಬಾಯಾರ, ಏನಿತ್ರಿ ಅದು?"

ಅವರು ನನ್ನತ್ತ ನೋಡಿದ ನೋಟದಲ್ಲಿ ಪೂರ್ತಿ ನಂಬಿಕೆ ಇತ್ತು. ನಾನು ಎದ್ದು ಕಚ್ಚಾ ಪುಸ್ತಕ ತೆರೆದು ಓದಿದೆ. ಅವಳು ಅಂದ ಹಾಗೆಯೇ, ನಮ್ಮ ಆಡುಮಾತಿನಲ್ಲಿ, ಬಡಾವಣೆ, ಟಾಕಿ, ಪಾಳಿ ಎಲ್ಲವನ್ನೂ. ಓದಿ ಮುಗಿಸಿ, "ಇದು ಆಕಿ ಅಂದದ್ದು. ನಡಾವಳ್ಯಾಗ ಇರೂದು ನಾ ಬರದದ್ದು. ಎರಡೂ ಬ್ಯಾರೆ," ಎಂದೆ.

"ಅದು ಕಚ್ಚಾ," ಎಂದರು ಸಾಹೇಬರು. ಮುಖ ಬಿಳುಚಿತ್ತು. "ಸಹಿ ಆಗಿದ್ದು ಅಷ್ಟ ದಾಖಲಿ."

ಆಗ ಲಾರಿಯವನ ಮಗ, ಎರಡು ಸಭೆಗಳಲ್ಲಿ ಒಂದು ಮಾತೂ ಆಡದವನು, ಕೂತಲ್ಲಿಂದಲೇ ಹೇಳಿದ. "ಆಕಿ ಹಿಂಗ ಅಂದಿದ್ಲು. ನಾ ಇಲ್ಲೇ ಕುಂತು ಕೇಳೇನಿ." ಉಳಿದ ಮೂವರು ಮೊಬೈಲಿನಲ್ಲಿ ಮುಖ ಹುದುಗಿಸಿದರು. ಸಭೆ ಮುಗಿಯುವ ಮುಂಚೆ ನಡಾವಳಿಯನ್ನು ಎಲ್ಲರ ಎದುರು ಓದಿ ಆಮೇಲೆ ಸಹಿ ಮಾಡಬೇಕು ಎಂದು ಹುಡುಗಿ ಕೇಳಿದಳು. ಸಲಹಾ ಸಮಿತಿಗೆ ಆ ಅಧಿಕಾರ ಇಲ್ಲ ಎಂದು ಸಾಹೇಬರು ಎದ್ದುಹೋದರು. ಮುಂದಿನ ವಾರ ನನ್ನನ್ನು ಜನನ ಮರಣ ದಾಖಲೆಯ ಕೋಣೆಗೆ ಹಾಕಿದರು. ನಿವೃತ್ತಿಯ ತನಕ ಅಲ್ಲೇ ಇದ್ದೆ.

ನೀರಿನ ಹೊತ್ತು ಬದಲಾಯಿತು. ಸಮಿತಿಯಿಂದ ಅಲ್ಲ. ಒಂದು ಮುಂಜಾನೆ ಆರಕ್ಕೆ ನನ್ನ ಮನೆಯ ಗೇಟಿನ ಸದ್ದಾಯಿತು. ಹೊರಗೆ ಬಂದು ನೋಡಿದರೆ ನೇಕಾರರ ಓಣಿಯ ಹೆಂಗಸರು, ಎಲ್ಲರ ಸೊಂಟದ ಮೇಲೂ ಖಾಲಿ ಕೊಡ. ಬಡಾವಣೆಯ ಒಂದೊಂದು ಮನೆಯ ಮುಂದೂ ಹೀಗೆಯೇ ನಾಲ್ಕೈದು ಜನ. ನನ್ನ ಗೇಟಿನಲ್ಲಿ ಮುಂದೆ ನಿಂತವಳು ಆ ಹುಡುಗಿ.

"ನಮ್ಮ ಓಣಿಗೆ ಈ ಹೊತ್ತಿಗೆ ನೀರಿಲ್ರಿ. ನಿಮ್ಮಲ್ಲಿ ಐತಿ. ಒಂದೊಂದು ಕೊಡ ತುಂಬಕೋತೇವಿ."

ಗೇಟು ತೆರೆದೆ. ಟಾಕಿಯ ಮುಚ್ಚಳ ಎತ್ತಿಕೊಟ್ಟೆ. ಪಕ್ಕದ ಮನೆಯವರು ತೆರೆಯಲಿಲ್ಲ. ಎದುರಿನವರು ಪೊಲೀಸರಿಗೆ ಫೋನು ಮಾಡುತ್ತೇವೆ ಎಂದರು. ಹೆಂಗಸರು ಬೈಯಲಿಲ್ಲ, ಕದಲಲೂ ಇಲ್ಲ. ಮರುಸರದಿಯ ಮುಂಜಾನೆಯೂ ಬಂದರು, ಅದರ ಮುಂದಿನ ಸರದಿಗೂ ಬಂದರು. ಆಮೇಲೆ ಬಡಾವಣೆಯ ದೊಡ್ಡವರೇ ಗುಂಪಾಗಿ ಕಚೇರಿಗೆ ಹೋಗಿ, ಆ ಓಣಿಗೆ ಮುಂಜಾನೆಯೇ ನೀರು ಬಿಡಿ, ನಮಗೆ ಯಾವಾಗಲಾದರೂ ನಡೆಯುತ್ತದೆ ಎಂದರು. ಯಾವಾಗಲಾದರೂ ನಡೆಯುತ್ತದೆ. ಹುಡುಗಿ ಚಳಿಗಾಲದಲ್ಲೇ ಇದನ್ನು ಹೇಳಿದ್ದಳು. ನೀರು ಬಿಡುವ ಹಿರಿಯನಿಗೆ ಅದೇ ದಿನ ಚೀಟಿ ಸಿಕ್ಕಿತು.

ಮಳೆ ಶುರುವಾದ ಮೇಲೆ ಕಚೇರಿಯ ವರದಿಯೊಂದು ಅಚ್ಚಾಗಿ ಬಂತು. ಯುವ ಸಲಹಾ ಸಮಿತಿಯ ಅಮೂಲ್ಯ ಸಲಹೆಯ ಮೇರೆಗೆ ಸೂಕ್ತ ಸಮಯದಲ್ಲಿ ನೀರು ಪೂರೈಸಲಾಗುತ್ತಿದೆ ಎಂದು ಅದರಲ್ಲಿ ಬರೆದಿದ್ದರು. ಪಕ್ಕದಲ್ಲಿ ಹಸಿರು ಟೋಪಿ ಹಾಕಿದ ಆ ಹುಡುಗಿಯ ಫೋಟೊ. ಅದನ್ನು ಹರಿದು ಹಾಕಬೇಕೆನ್ನಿಸಿತು. ಅವಳಿಗೆ ತೋರಿಸಿ, "ಈ ಸಮಿತಿ ಬಿಟ್ಟು ಬಿಡವಾ, ಇವರಿಗೆ ನಿನ್ನ ಮುಖ ಅಷ್ಟ ಬೇಕು," ಎಂದೆ.

"ನಾ ಬಿಟ್ರ ಆ ಕುರ್ಚಿಗೆ ಸುಮ್ಮ ಕುಂಡ್ರವರನ್ನ ತರ್ತಾರ್ರಿ," ಎಂದಳು. "ಈಗ ನಾ ಸಭಾದಾಗ ಮಾತಾಡೂ ಮುಂಚೆ ಬರದು ಒಯ್ತೇನಿ. ಎರಡು ಪ್ರತಿ. ಒಂದರ ಮ್ಯಾಲ ಶಿಕ್ಕಾ ಹಾಕಿಸಿಕೊಂಡ ಮ್ಯಾಲ ಬಾಯಿ ತಗೀತೇನಿ."

ಇಪ್ಪತ್ತೊಂದು ವರ್ಷದ ಹುಡುಗಿ ತಾನು ಆಡುವ ಮಾತಿಗೆ ಮೊದಲೇ ಕಚೇರಿಯ ಮೊಹರು ಹಾಕಿಸಿಕೊಳ್ಳಬೇಕು. ಅವಳಿಗೆ ಆ ಬುದ್ಧಿ ಕಲಿಸಿದವಳು ನಾನು. ಯುವಕರು ಮುಂದೆ ಬರುತ್ತಿಲ್ಲ, ಅವರಿಗೆ ಊರಿನ ಚಿಂತೆ ಇಲ್ಲ ಎಂದು ವೇದಿಕೆಯ ಮೇಲೆ ಯಾರಾದರೂ ಮಾತಾಡಿದರೆ ನಾನು ಎದ್ದು ಬಂದುಬಿಡುತ್ತೇನೆ. ಕೇಳಿಸಿಕೊಳ್ಳುವ ತಾಕತ್ತಿಲ್ಲ.

ನಿವೃತ್ತಿಯಾದ ಮೇಲೆ ಒಂದು ದಿನ ಅವಳ ಮನೆಗೆ ಹೋದೆ. ಚಿಗವ್ವ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಒಳಗಿನಿಂದ ಮಗ್ಗದ ಸದ್ದು, ಹುಡುಗಿಯ ತಂದೆಯೊಬ್ಬನದೇ. ಕ್ಷಮೆ ಕೇಳಲು ಬಂದಿದ್ದೇನೆ, ನಿಮ್ಮ ಬಗ್ಗೆ ಕಾಗದದಲ್ಲಿ ತಪ್ಪು ಬರೆದವಳು ನಾನೇ ಎಂದೆ.

"ನನಗ ಓದಾಕ ಬರೂದಿಲ್ರಿ ಅಕ್ಕಾರ," ಎಂದಳು ಆಕೆ. "ಏನು ಬರದಿದ್ರಿ? ಓದಿ ಹೇಳ್ರಿ."

ಹುಡುಗಿ ಒಳಗೆ ಹೋಗಿ ಆ ಪ್ರತಿ ತಂದು ನನ್ನ ಕೈಗೆ ಕೊಟ್ಟಳು. ಓದಿದೆ. ಕಚೇರಿಯ ಕನ್ನಡ ಆಕೆಗೆ ತಿಳಿಯಲಿಲ್ಲ. ಅದನ್ನು ನಮ್ಮ ಮಾತಿನಲ್ಲಿ ಬಿಡಿಸಿ ಹೇಳಬೇಕಾಯಿತು. ಬಿಸಿಲಾಗ ಹೊರಗ ಬರಬ್ಯಾಡ್ರಿ ಅಂತ ನಿಮ್ಮ ಹುಡುಗಿ ನಿಮಗ ಹೇಳಿದ್ಲು ಅಂತ ಬರದಿದ್ನಿ, ಎಂದೆ.

ಆಕೆ ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಸ್ವಲ್ಪ ಯೋಚಿಸಿದಳು. ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳುವವರ ಹಾಗೆ ಕೇಳಿದಳು.

"ಹೊರಗ ಬರಲಿಲ್ಲಂದ್ರ ನೀರು ಹ್ಯಾಂಗ ತರೂದಿತ್ರಿ?"

ಇಷ್ಟು ಸಣ್ಣ ಪ್ರಶ್ನೆಯನ್ನು ಆ ವಾಕ್ಯ ಬರೆದ ನಾನಾಗಲಿ, ಸಹಿ ಹಾಕಿದವರಾಗಲಿ, ಒಬ್ಬರೂ ಕೇಳಿರಲಿಲ್ಲ. ಆಕೆ ನನ್ನ ಮುಖ ನೋಡಿ, ಮತ್ತೆ ಕೇಳದೆ, ಒಳಗಿನವರಿಗೆ ಚಹಾ ಇಡಲು ಹೇಳಿದಳು.